‘ನೋಡಿದ್ರೆ ಗೊತ್ತಾಗುತ್ತೆ’

ಪೀಣ್ಯದ ನಮ್ಮ ಬಿಡಿಭಾಗಗಳ ಕಾರ್ಖಾನೆಗೂ ಒಂದು ಬಾಟ್ (ಕಂಪ್ಯೂಟರ್ ಕೆಲಸವನ್ನು ತಾನೇ ಮಾಡುವ ಸಾಫ್ಟ್‌ವೇರ್) ಬೇಕು ಅಂತ ಮಾಲೀಕರು ಹೇಳಿದಾಗ ನಾನು ಪ್ರತಿ ವಿಭಾಗಕ್ಕೂ ಹೋಗಿ, ‘ನಿಮಗೆ ಯಾವ ಕೆಲಸ ಬೇಜಾರು?’ ಅಂತ ಕೇಳಿದೆ. ಕೇಳಬಾರದ ಪ್ರಶ್ನೆ ಅದು. ಎಲ್ಲರೂ ತೋರಿಸಿದ್ದು ಸಪ್ಲೈಯರ್ ಬಿಲ್ ಎಂಟ್ರಿಯನ್ನು. ಅದನ್ನೇ ಹಿಡಿದು ಎರಡು ತಿಂಗಳು ಕಳೆದುಕೊಂಡೆ.

ಹೊರಗಡೆ ನಮಗೆ ಕೆಲಸ ಮಾಡಿಕೊಡುವ ಜಾಬ್‌ವರ್ಕ್‌ನವರು ಕೊಡುವುದು ಕಾರ್ಬನ್ ಹಾಳೆಯ ಬಿಲ್. ಅದರ ಮೇಲೆ ಎಣ್ಣೆ ಕೈಯ ಗುರುತು, ಒಂದು ಏಳಿನ ಹಾಗೆ, ಏಳು ಒಂದರ ಹಾಗೆ. ಬಾಟ್ ಓದಿದ್ದನ್ನು ತಿದ್ದಲು ಒಬ್ಬರು, ತಿದ್ದಿದ್ದನ್ನು ನೋಡಲು ಇನ್ನೊಬ್ಬರು ಕೂರುವ ಹಾಗಾಯಿತು.

ಆಮೇಲೆ ಕುರ್ಚಿ ಎಳೆದುಕೊಂಡು ಅಕೌಂಟ್ಸ್ ಮೇಡಂ ಪಕ್ಕದಲ್ಲೇ ಕೂತೆ. ಹೊಸದಾಗಿ ಸೇರಿದವರಿಗೆ ಫೋನಿನಲ್ಲಿ ಹೇಳಿಕೊಡುವ ಹಾಗೆ ಕೆಲಸವನ್ನು ಬಾಯಲ್ಲಿ ಹೇಳಿ ಅಂದೆ. ಬಿಲ್ ಎಂಟ್ರಿ ಮಾಡುತ್ತ ಅರ್ಧ ಗಂಟೆಯಲ್ಲಿ ಅವರು ಹನ್ನೊಂದು ಸಲ ‘ಅದು ನೋಡಿದ್ರೆ ಗೊತ್ತಾಗುತ್ತೆ ಸರ್’ ಅಂದರು. ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದ್ದೇನೆ. ಅವರಿಗೆ ಗೊತ್ತಾಗುತ್ತೆ, ಬಾಟ್‌ಗೆ ಆಗಲ್ಲ.

ಅದೇ ಪರೀಕ್ಷೆಯನ್ನು ಜಿಎಸ್‌ಟಿಆರ್-2ಬಿ ತಾಳೆಗೂ ಮಾಡಿದೆ. 2ಬಿ ಅಂದರೆ ಸಪ್ಲೈಯರ್‌ಗಳು ತುಂಬಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಕೊಡುವ ಪಟ್ಟಿ, ಅದನ್ನು ನಮ್ಮ ಲೆಕ್ಕದ ಜೊತೆ ಹೊಂದಿಸಿ ನೋಡಬೇಕು. ಪ್ರತಿ ತಿಂಗಳು 14ಕ್ಕೆ 2ಬಿ ಬರುತ್ತದೆ, 20ರೊಳಗೆ ತಿಂಗಳ ತೆರಿಗೆ ಲೆಕ್ಕವಾದ 3ಬಿ ಸಲ್ಲಿಸಬೇಕು. 2022ರ ಜನವರಿಯಿಂದ ಸಪ್ಲೈಯರ್ ತೋರಿಸಿದ ಬಿಲ್ 2ಬಿಯಲ್ಲಿ ಬಂದಿದ್ದರೆ ಮಾತ್ರ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯುವ ಅವಕಾಶ. ಹಾಗಾಗಿ ಆ ವಾರ ಮೇಡಂಗೆ ತಲೆ ಎತ್ತಲು ಪುರುಸೊತ್ತಿಲ್ಲ. ಒಂದು ಸಾಲು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

‘ಇದು ಬಂದೇ ಇಲ್ಲವಲ್ಲ ಮೇಡಂ?’

‘ಬಂದಿದೆ ಸರ್. ಅವರು ಸೊನ್ನೆ ಹಾಕಲ್ಲ.’

ನಮ್ಮಲ್ಲಿ 045/23-24, ಅವರು ತುಂಬಿದ್ದು ಬರೀ 45. ಮೊದಲಿಗಿರುವ ಸೊನ್ನೆ, ಓರೆಗೆರೆ, ವರ್ಷ ತೆಗೆದುಹಾಕು. ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಹೊಂದಿಸು. ತೆರಿಗೆಯಲ್ಲಿ ಒಂದು ರೂಪಾಯಿವರೆಗಿನ ವ್ಯತ್ಯಾಸ ಬಿಡು. ನಿಯಮಗಳೆಲ್ಲ ಒಂದೇ ಪುಟದಲ್ಲಿ ಮುಗಿದವು. ‘ನೋಡಿದ್ರೆ ಗೊತ್ತಾಗುತ್ತೆ’ ಬಂದದ್ದು ಎರಡೇ ಸಲ, ಅದರಲ್ಲೊಂದು ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ) ವಿಷಯದಲ್ಲಿ. ಆ ಎರಡನ್ನೂ ಅವರಿಗೇ ಬಿಟ್ಟೆ.

ಬಾಟ್ ಕಟ್ಟುವ ಮೈಕ್ರೋಸಾಫ್ಟ್ ಸಾಧನ ಪವರ್ ಆಟೊಮೇಟ್ ಡೆಸ್ಕ್‌ಟಾಪ್ 2021ರಿಂದ ವಿಂಡೋಸ್ 10 ಇದ್ದವರಿಗೆ ಹೆಚ್ಚುವರಿ ಹಣವಿಲ್ಲದೆ ಸಿಗುತ್ತಿತ್ತು, ಅದರಲ್ಲೇ ಕಟ್ಟಿದೆ. ಪೋರ್ಟಲ್‌ನಲ್ಲಿ ಕ್ಯಾಪ್ಚಾ ಇರುವುದರಿಂದ ಲಾಗಿನ್ ಆಗಿ ಫೈಲ್ ಇಳಿಸುವುದು ಮೇಡಂ ಕೆಲಸವೇ. ಆ ಬಾಗಿಲನ್ನು ಮುರಿಯುವ ಸಾಹಸಕ್ಕೆ ನಾನು ಕೈ ಹಾಕಲಿಲ್ಲ. ಮೊದಲ ತಿಂಗಳು ಸುಮಾರು ಒಂಬೈನೂರು ಸಾಲುಗಳಲ್ಲಿ ನೂರ ಮೂವತ್ತು ಅವರ ಕಣ್ಣಿಗೆ ಉಳಿದವು. ಮೊದಲು ನಾಲ್ಕು ದಿನ ಹಿಡಿಯುತ್ತಿದ್ದದ್ದು ಒಂದೂವರೆ ದಿನಕ್ಕೆ ಮುಗಿಯಿತು.

ಡಿಸ್ಪ್ಯಾಚ್‌ನವರೂ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್‌ಗೆ ಬಾಟ್ ಕೇಳಿದ್ದರು. ಆ ಪೋರ್ಟಲ್‌ನಲ್ಲಿ ಜೆಸಾನ್ ಎಂಬ ಬಗೆಯ ಡೇಟಾ ಫೈಲ್ ಹಾಕಿ ಒಟ್ಟಿಗೇ ಬಿಲ್ ತೆಗೆಯಲು ಆಗಲೇ ದಾರಿಯಿತ್ತು, ಅದನ್ನು ತೋರಿಸಿ ಬಂದೆ. ಸ್ಟೋರ್ಸ್‌ನವರ ಸ್ಕ್ರೀನ್ ಆರು ತಿಂಗಳಲ್ಲಿ ಬದಲಾಗಲಿತ್ತು, ಮುಟ್ಟಲಿಲ್ಲ. ಒಮ್ಮೆ ಇಆರ್‌ಪಿ (ಕಾರ್ಖಾನೆಯ ಲೆಕ್ಕಪತ್ರದ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ಒಂದು ಬಟನ್ ಅರ್ಧ ಇಂಚು ಸರಿದದ್ದಕ್ಕೇ ನಮ್ಮ ಬಾಟ್ ರಿಮಾರ್ಕ್ಸ್ ಕಾಲಂನಲ್ಲಿ ತೆರಿಗೆ ಮೊತ್ತ ತುಂಬುತ್ತ ಕೂತಿತ್ತು. ಇಡೀ ಸ್ಕ್ರೀನೇ ಬದಲಾದರೆ ಕೇಳಬೇಕೆ?

ಬಿಲ್ ಎಂಟ್ರಿಯನ್ನು ಪೂರ್ತಿ ಬಿಟ್ಟಿಲ್ಲ. 2023ರ ಆಗಸ್ಟ್‌ನಿಂದ ಐದು ಕೋಟಿ ಮೀರಿದ ವಹಿವಾಟಿನವರಿಗೆ ಇ-ಇನ್ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಕಡ್ಡಾಯ. ಅದರ ಕ್ಯೂಆರ್‌ನಲ್ಲಿ ಎರಡೂ ಕಡೆಯ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಮೊತ್ತ ಎಲ್ಲ ಇರುತ್ತದೆ. ಅಂಥವರ ಬಿಲ್ಲುಗಳನ್ನು ಮಾತ್ರ ಬೇರೆ ಟ್ರೇಯಲ್ಲಿ ಹಾಕಿಸುತ್ತಿದ್ದೇನೆ. ಕಾರ್ಬನ್ ಹಾಳೆಗಳು ಮೇಡಂ ಮೇಜಿನ ಮೇಲೇ ಇವೆ.