ಹೆಸರು ಬೇರೆ, ಬಿರುದು ಬೇರೆ, ಹೊಲ ಬೇರೆ: ಐರ್ಲೆಂಡಿನ ಸರದಾರ ಮನೆತನಗಳ ವಂಶವೃಕ್ಷ ಬರೆಯುವ ಬಗೆ

ಕಳೆದ ಬೇಸಿಗೆಯಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ತನ್ನ ಕಿರುಪ್ರಬಂಧ ತೋರಿಸಲು ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. 1798ರಲ್ಲಿ ಹೈದರಾಬಾದಿನ ನಿಜಾಮ ಕಂಪನಿಯೊಂದಿಗೆ ಮಾಡಿಕೊಂಡ ಸಹಾಯಕ ಸೈನ್ಯ ಒಪ್ಪಂದ ಅವಳ ವಿಷಯ. ಶ್ರದ್ಧೆಯಿಂದ ಬರೆದಿದ್ದಳು. ಆದರೆ ಎರಡನೆಯ ಅಧ್ಯಾಯದಲ್ಲಿ ಗವರ್ನರ್ ಜನರಲ್ ಹೆಸರು ಲಾರ್ಡ್ ಮಾರ್ನಿಂಗ್ಟನ್ ಎಂದಿತ್ತು. ಮೂರನೆಯದರಲ್ಲಿ ‘ಮಾರ್ನಿಂಗ್ಟನ್ ನಂತರ ಬಂದ ಲಾರ್ಡ್ ವೆಲ್ಲೆಸ್ಲಿ’ ಎಂದಿತ್ತು.

“ಇವರು ಇಬ್ಬರಲ್ಲವ್ವಾ, ಒಬ್ಬನೇ” ಎಂದೆ.

“ಹಾಗಾದರೆ ಅವನ ಹೆಸರು ಯಾಕೆ ಬದಲಾಯಿತು ಮೇಡಂ?”

ಹೆಸರು ಬದಲಾಗಿರಲಿಲ್ಲ, ಬಿರುದು ಬದಲಾಗಿತ್ತು. ಅದನ್ನು ಬಿಡಿಸಿ ಹೇಳಲು ಮೂರು ಮಧ್ಯಾಹ್ನ ಬೇಕಾದವು. ಆ ಮೂರು ಮಧ್ಯಾಹ್ನ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬ್ರಿಟಿಷರ ಕಾಲದ ಇತಿಹಾಸ ಓದುವವರಿಗೆ ಅವನ ಮನೆತನದಂಥ ಐರ್ಲೆಂಡಿನ ಮನೆತನಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳ ವಂಶವೃಕ್ಷ ಬರೆಯಲು ಬಂದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಈ ಕೆಲಸ ನನಗೆ ಕಲಿಸಿದವರು ನಮ್ಮ ಅಪ್ಪ. ನಮ್ಮದು ಜೇವರ್ಗಿ ಕಡೆಯ ಮಾಲಿಪಾಟೀಲ ಮನೆತನ. ಸುತ್ತಲಿನ ಊರುಗಳಲ್ಲಿ ಯಾರದಾದರೂ ವಾರಸಾ ತಕರಾರು ಎದ್ದರೆ, ನಿಜಾಮನ ಕಾಲದ ಉರ್ದು ಕಾಗದಗಳನ್ನು ಓದಿಸಿಕೊಳ್ಳಲು ಅಪ್ಪನ ಬಳಿಗೆ ಬರುತ್ತಿದ್ದರು. ಅಪ್ಪ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ಬೋರಲು ಹಾಸಿ, ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಜೋಳ ಅಳೆಯುವ ಸೇರನ್ನೂ ಇನ್ನೊಂದು ತುದಿಗೆ ತಂಬಿಗೆಯನ್ನೂ ಇಡುತ್ತಿದ್ದರು. ತಂದೆ-ಮಕ್ಕಳ ಸಂಬಂಧಕ್ಕೆ ಕಪ್ಪು ಮಸಿ, ಹುದ್ದೆ ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಪೆನ್ಸಿಲ್, ಹೊಲಕ್ಕೆ ಕೆಂಪು ಮಸಿ. “ಹೆಸರು ಬೇರೆ, ಹುದ್ದೆ ಬೇರೆ, ಹೊಲ ಬೇರೆ. ಮೂರನ್ನೂ ಒಂದೇ ಗೆರೆಯಲ್ಲಿ ಎಳೆಯಬೇಡ” ಎನ್ನುತ್ತಿದ್ದರು. ಹುದ್ದೆ ಅಣ್ಣನ ಪಾಲಾಗಿರುತ್ತದೆ, ಹೊಲ ತಮ್ಮನಿಗೆ ಹೋಗಿರುತ್ತದೆ, ದತ್ತು ಬಂದವನು ಹುಟ್ಟಿದ ಮನೆಯ ಹೆಸರು ಬಿಟ್ಟು ಈ ಮನೆಯ ಹೆಸರು ಹೊತ್ತಿರುತ್ತಾನೆ. ಒಂದೇ ಗೆರೆ ಎಳೆದರೆ ಇದಾವುದೂ ಕಾಣುವುದಿಲ್ಲ. ಐರ್ಲೆಂಡಿನ ಮನೆತನಗಳಿಗೂ ಇದೇ ಪದ್ಧತಿ ಸರಿಹೊಂದುತ್ತದೆ, ಹುದ್ದೆಯ ಜಾಗದಲ್ಲಿ ಬಿರುದನ್ನು ಪೆನ್ಸಿಲಿನಲ್ಲಿ ಬರೆದರಾಯಿತು. ಆದ್ದರಿಂದ ನೀವೂ ದೊಡ್ಡ ಹಾಳೆ ಮತ್ತು ಮೂರು ಬಣ್ಣಗಳನ್ನು ಇಟ್ಟುಕೊಂಡೇ ಕುಳಿತುಕೊಳ್ಳಿ.

ಮೊದಲು ಕಪ್ಪು ಮಸಿಯ ಕೆಲಸ, ಅಂದರೆ ಹೆಸರು. ಅಡ್ಡಹೆಸರಿನ ಆರಂಭವನ್ನು ನೋಡಿದರೆ ಮನೆತನ ಯಾವ ಕಾಲದ್ದು ಎಂಬ ಮೊದಲ ಸುಳಿವು ಸಿಗುತ್ತದೆ. ‘ಓ’ ಎಂದರೆ ಮೊಮ್ಮಗ, ಆ ವಂಶದವನು. ‘ಮ್ಯಾಕ್’ ಎಂದರೆ ಮಗ. ಓ ನೀಲ್, ಓ ಬ್ರಯನ್, ಮ್ಯಾಕಾರ್ಥಿ, ಇವೆಲ್ಲ ಹಳೆಯ ಗೇಲಿಕ್ ಮನೆತನಗಳು, ಅಂದರೆ ಐರ್ಲೆಂಡಿನ ಮೂಲದವರು. ಓ ಬ್ರಯನ್ನರು 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ ಬ್ರಯನ್ ಬೊರು ರಾಜನ ವಂಶದವರು. ‘ಫಿಟ್ಸ್’ ಇದ್ದರೆ 1169ರಿಂದ ಬ್ರಿಟನ್ ಕಡೆಯಿಂದ ಬರತೊಡಗಿದ ನಾರ್ಮನ್ನರು. ಅದಕ್ಕೂ ಮಗ ಎಂದೇ ಅರ್ಥ, ಆದರೆ ಭಾಷೆ ಫ್ರೆಂಚ್. ಫಿಟ್ಸ್‌ಜೆರಾಲ್ಡ್ ಎಂದರೆ ಜೆರಾಲ್ಡನ ಮಗ.

ಇನ್ನು ಬಟ್ಲರ್ ಮನೆತನ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಮ್ಮ ಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ. 1185ರಲ್ಲಿ ರಾಜಕುಮಾರ ಜಾನನ ಜೊತೆ ಐರ್ಲೆಂಡಿಗೆ ಬಂದ ಥಿಯೊಬಾಲ್ಡ್ ವಾಲ್ಟರ್ ಎಂಬುವನಿಗೆ ಮುಖ್ಯ ಬಟ್ಲರ್ ಎಂಬ ಹುದ್ದೆ ಸಿಕ್ಕಿತು. ಅರಸನ ಬಟ್ಟಲಿಗೆ ದ್ರಾಕ್ಷಾರಸ ಬಡಿಸುವ ಗೌರವದ ಹುದ್ದೆ ಅದು. ಹುದ್ದೆ ವಂಶಪಾರಂಪರ್ಯವಾಯಿತು, ಕಾಲಕ್ರಮೇಣ ಅದೇ ಅಡ್ಡಹೆಸರಾಯಿತು. ಕಂದಾಯ ವಸೂಲಿ ಮಾಡುವ ಪಾಟೀಲನ ಮನೆ ಮಾಲಿಪಾಟೀಲ, ಊರ ಬಂದೋಬಸ್ತು ನೋಡುವವನ ಮನೆ ಪೊಲೀಸಪಾಟೀಲ, ಲೆಕ್ಕ ಬರೆಯುವವನ ಮನೆ ಕುಲಕರ್ಣಿ ಆದಂತೆಯೇ ಇದು. ಹುದ್ದೆಯ ಜೊತೆ ಹಕ್ಕೂ ಇತ್ತು: ಬಂದರಿಗೆ ಬಂದಿಳಿಯುವ ದ್ರಾಕ್ಷಾರಸದಲ್ಲಿ ಬಟ್ಲರರಿಗೆ ಒಂದು ಪಾಲು. 1811ರಲ್ಲಿ ಸರ್ಕಾರ ಪರಿಹಾರ ಕೊಟ್ಟು ಆ ಹಕ್ಕನ್ನು ವಾಪಸು ಪಡೆಯಿತು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದ ಕಥೆಯನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಇದರ ಬಗ್ಗೆ ಬೇರೆ ವಿವರಣೆ ಬೇಡ.

ಈ ಬಟ್ಲರರ ಮೇಲೆ ಮೂರೂ ಬಣ್ಣ ಹಾಕಿ ನೋಡಿ. ಬಿರುದು: 1328ರಲ್ಲಿ ಆರ್ಮಂಡ್‌ನ ಅರ್ಲ್, ಮುಂದೆ ಮಾರ್ಕ್ವಿಸ್. ನೆಲ: 1391ರಲ್ಲಿ ಕೊಂಡ ಕಿಲ್ಕೆನ್ನಿ ಕೋಟೆ. ಆ ಕೋಟೆಯನ್ನು 1967ರಲ್ಲಿ ಬರೀ 50 ಪೌಂಡಿಗೆ ಊರಿನವರಿಗೆ ಒಪ್ಪಿಸಿಕೊಟ್ಟರು. ಕೆಂಪು ಗೆರೆ ಅಲ್ಲಿ ನಿಂತಿತು. 1997ರಲ್ಲಿ ಕೊನೆಯ ಮಾರ್ಕ್ವಿಸ್ ಗಂಡು ಮಕ್ಕಳಿಲ್ಲದೆ ತೀರಿಕೊಂಡ. ಪೆನ್ಸಿಲ್ ಗೆರೆ ಅಲ್ಲಿ ನಿಂತಿತು. ಬಟ್ಲರ್ ಎಂಬ ಹೆಸರಿನ ಕಪ್ಪು ಗೆರೆ ಮಾತ್ರ ಇಂದಿಗೂ ಹರಿಯುತ್ತಿದೆ. ಹುಡುಗಿ ಈ ಹಾಳೆಯನ್ನು ನೋಡಿದ ಮೇಲೆಯೇ ಅಪ್ಪನ ಮಾತಿನ ಅರ್ಥ ಅವಳಿಗೆ ತಿಳಿದದ್ದು.

ಈಗ ಪೆನ್ಸಿಲ್ ಹಿಡಿಯಿರಿ. ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಮೆಟ್ಟಿಲುಗಳನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾರೊನೆಟ್ ಎಂಬುದು ಇವುಗಳ ಕೆಳಗಿನದು. ಅವನನ್ನು ಲಾರ್ಡ್ ಎನ್ನುವುದಿಲ್ಲ, ಸರ್ ಎನ್ನುತ್ತಾರೆ. ಪ್ರತಿ ಬಿರುದಿನ ಮುಂದೆ ಮೂರು ವಿಷಯ ಇರಲೇಬೇಕು: ಯಾವ ವರ್ಷ ಸೃಷ್ಟಿಯಾಯಿತು, ಯಾವ ರಾಜ್ಯದ ಪಟ್ಟಿಗೆ ಸೇರಿದ್ದು, ಇವನು ಎಷ್ಟನೆಯವನು.

ವರ್ಷ ಯಾಕೆ ಬೇಕು ಎಂಬುದಕ್ಕೆ ಟೈರೋನ್ ಬಿರುದೇ ಸಾಕ್ಷಿ. ಎಂಟನೆಯ ಹೆನ್ರಿ 1541ರಲ್ಲಿ ಐರ್ಲೆಂಡಿನ ರಾಜನೆಂದು ಘೋಷಿಸಿಕೊಂಡ ಮೇಲೆ ಗೇಲಿಕ್ ನಾಯಕರಿಂದ ನೆಲವನ್ನು ಬಿಟ್ಟುಕೊಡಿಸಿಕೊಂಡು, ಅದನ್ನೇ ಇಂಗ್ಲಿಷ್ ಬಿರುದಿನ ಜೊತೆ ಅವರಿಗೆ ಮರಳಿ ಕೊಡುತ್ತಿದ್ದ. ಹಾಗೆ 1542ರಲ್ಲಿ ಕಾನ್ ಓ ನೀಲ್ ಟೈರೋನಿನ ಅರ್ಲ್ ಆದ. 1607ರಲ್ಲಿ ಹ್ಯೂ ಓ ನೀಲ್ ತನ್ನವರೊಂದಿಗೆ ರಾತ್‌ಮಲ್ಲನ್‌ನಿಂದ ಹಡಗು ಹತ್ತಿ ದೇಶ ಬಿಟ್ಟು ಹೋದ, ಬಿರುದು ಮುಟ್ಟುಗೋಲಾಯಿತು. 1673ರಲ್ಲಿ ಅದೇ ಹೆಸರಿನ ಬಿರುದು ಪವರ್ ಮನೆತನಕ್ಕೆ ಸಿಕ್ಕಿತು. ಆ ಮನೆಯಲ್ಲಿ ಕೊನೆಗೆ ಮಗಳು ಕ್ಯಾಥರೀನ್ ಒಬ್ಬಳೇ ಉಳಿದಳು. ಆಸ್ತಿ ಅವಳಿಗೆ ಬಂತು, ಬಿರುದು ಬರಲಿಲ್ಲ. ಅವಳ ಗಂಡ ಮಾರ್ಕಸ್ ಬೆರೆಸ್‌ಫರ್ಡನಿಗೆ 1746ರಲ್ಲಿ ಅದನ್ನು ಹೊಸದಾಗಿ ಕೊಟ್ಟರು. ಒಂದೇ ಬಿರುದು, ಮೂರು ಮನೆತನ. ವರ್ಷ ಬರೆಯದಿದ್ದರೆ ಓ ನೀಲರ ಕೊಂಬೆಗೆ ಬೆರೆಸ್‌ಫರ್ಡರನ್ನು ಕಟ್ಟಿಬಿಡುತ್ತೀರಿ. ಇಂಥ ವೃಕ್ಷಗಳನ್ನು ಅಂತರ್ಜಾಲದಲ್ಲಿ ಬೇಕಾದಷ್ಟು ಕಂಡಿದ್ದೇನೆ, ಕಂಡಾಗಲೆಲ್ಲ ನೋವಾಗುತ್ತದೆ. ಕ್ಯಾಥರೀನಳ ಹೆಸರನ್ನು ಎಷ್ಟೋ ಜನ ಬರೆಯುವುದೇ ಇಲ್ಲ. ಅವಳಿಲ್ಲದೆ ಆ ಕೆಂಪು ಗೆರೆ ಪವರ್ ಮನೆಯಿಂದ ಬೆರೆಸ್‌ಫರ್ಡ್ ಮನೆಗೆ ದಾಟುವುದು ಹೇಗೆ? ಹೆಣ್ಣುಮಕ್ಕಳನ್ನು ಬಿಡದೆ ಬರೆಯಿರಿ.

ಯಾವ ರಾಜ್ಯದ ಪಟ್ಟಿ ಎಂಬುದೂ ಅಷ್ಟೇ ಮುಖ್ಯ. ಐರ್ಲೆಂಡಿನ ಬಿರುದುಗಳ ಪಟ್ಟಿ ಬೇರೆ, ಇಂಗ್ಲೆಂಡಿನದು ಬೇರೆ. 1801ರಲ್ಲಿ ಎರಡೂ ರಾಜ್ಯಗಳು ಒಂದಾದಾಗ ಐರಿಶ್ ಲಾರ್ಡುಗಳೆಲ್ಲರಿಗೂ ಲಂಡನ್ನಿನ ಮೇಲ್ಮನೆಯಲ್ಲಿ ಜಾಗ ಸಿಗಲಿಲ್ಲ. ತಮ್ಮೊಳಗಿನಿಂದ 28 ಜನರನ್ನು ಮಾತ್ರ ಆರಿಸಿ ಕಳುಹಿಸಬೇಕಿತ್ತು. ಹಾಗೆ ಆಯ್ಕೆಯಾಗದವನು ಕೆಳಮನೆಯ ಚುನಾವಣೆಗೆ ನಿಲ್ಲಬಹುದಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಕರ್ಜನ್‌ಗೆ 1898ರಲ್ಲಿ ವೈಸರಾಯ್ ಆಗಿ ಹೊರಡುವ ಮುನ್ನ ಕೊಟ್ಟದ್ದು ಇಂಥ ಐರಿಶ್ ಬ್ಯಾರನ್ ಬಿರುದನ್ನೇ. ಹಿಂತಿರುಗಿದ ಮೇಲೆ ಕೆಳಮನೆಯ ಬಾಗಿಲು ಮುಚ್ಚಿರಬಾರದು ಎಂಬುದು ಅದರ ಹಿಂದಿನ ಲೆಕ್ಕ. ಐರಿಶ್ ಪಟ್ಟಿಯಲ್ಲಿ ಸೃಷ್ಟಿಯಾದ ಕೊನೆಯ ಬಿರುದು ಅದು. ಇಂದು ಐರ್ಲೆಂಡ್ ಗಣರಾಜ್ಯ. 1937ರ ಅದರ ಸಂವಿಧಾನದ ಪ್ರಕಾರ ಸರ್ಕಾರ ಯಾರಿಗೂ ಇಂಥ ಬಿರುದು ಕೊಡುವಂತಿಲ್ಲ.

ಮರ್ಯಾದೆಯ ಬಿರುದು ಎಂಬುದೊಂದು ಬಲೆ ಇದೆ. ಡ್ಯೂಕನ ಹಿರಿಯ ಮಗ ತಂದೆಯ ಇನ್ನೊಂದು ಬಿರುದನ್ನು ತಂದೆ ಬದುಕಿರುವಾಗಲೇ ಬಳಸುತ್ತಾನೆ. ಲೆನ್‌ಸ್ಟರ್ ಡ್ಯೂಕನ ಹಿರಿಯ ಮಗ ಕಿಲ್ಡೇರಿನ ಮಾರ್ಕ್ವಿಸ್. ಕಿರಿಯ ಮಕ್ಕಳಿಗೆ ಹುಟ್ಟುಹೆಸರಿನ ಮುಂದೆ ಲಾರ್ಡ್ ಎಂದು ಸೇರಿಸುತ್ತಾರೆ. ಐರ್ಲೆಂಡಿನ 1798ರ ಬಂಡಾಯದಲ್ಲಿ ಸೆರೆಸಿಕ್ಕು, ಗಾಯದಿಂದ ಸತ್ತ ಲಾರ್ಡ್ ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ ಮೊದಲನೆಯ ಲೆನ್‌ಸ್ಟರ್ ಡ್ಯೂಕನ ಕಿರಿಯ ಮಗ. ಅವನಿಗೆ ಸ್ವಂತದ ಬಿರುದು ಯಾವುದೂ ಇರಲಿಲ್ಲ. ಲಾರ್ಡ್ ಪದದ ನಂತರ ಹುಟ್ಟುಹೆಸರು ಬಂದರೆ ಪೆನ್ಸಿಲ್ ಮುಟ್ಟಬೇಡಿ, ಕಪ್ಪು ಗೆರೆ ಸಾಕು.

ದತ್ತು ಮಗನಿಗೆ ಬಿರುದು ಹೋಗುವುದಿಲ್ಲ, ಮದುವೆಗೆ ಮೊದಲು ಹುಟ್ಟಿದ ಮಗನಿಗೂ ಇಲ್ಲ. ಹೆಚ್ಚಿನ ಬಿರುದುಗಳು ನೇರ ಗಂಡು ಸಂತಾನಕ್ಕೆ ಮಾತ್ರ. ಇದನ್ನು ಓದುವಾಗಲೆಲ್ಲ ನಮ್ಮ ರಾಜರ ದತ್ತು ಮಕ್ಕಳಿಗೆ ಗಾದಿ ನಿರಾಕರಿಸಿದ ಡಾಲ್‌ಹೌಸಿ ನನಗೆ ನೆನಪಾಗುತ್ತಾನೆ. ಆದರೆ ಆಸ್ತಿಯ ಮಾತು ಬೇರೆ. ಮಕ್ಕಳಿಲ್ಲದವನು ‘ನನ್ನ ಅಡ್ಡಹೆಸರು ಹೊತ್ತುಕೊಂಡರೆ ಹೊಲ ನಿನಗೆ’ ಎಂದು ಮೃತ್ಯುಪತ್ರ ಬರೆಯಬಹುದಿತ್ತು. ನಮ್ಮ ದತ್ತಕ ಅವರಲ್ಲಿ ಈ ರೂಪದಲ್ಲಿ ಇತ್ತು ಎನ್ನಬಹುದು.

ಕಾಗದಪತ್ರ ಎಲ್ಲಿ ಹುಡುಕಬೇಕು? 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ದಾಖಲೆಗಳ ಭಂಡಾರ ಸ್ಫೋಟಕ್ಕೆ ಸಿಕ್ಕಿ ಉರಿದುಹೋಯಿತು. ಶತಮಾನಗಳ ಮೃತ್ಯುಪತ್ರಗಳು, ಹಳೆಯ ಜನಗಣತಿಗಳು, ಅರ್ಧಕ್ಕಿಂತ ಹೆಚ್ಚು ಪ್ರೊಟೆಸ್ಟೆಂಟ್ ಚರ್ಚ್ ದಫ್ತರಗಳು ಬೂದಿಯಾದವು. ಆದರೆ ಅಧಿಕೃತ ವಂಶಾವಳಿಕಾರನಾಗಿದ್ದ ಸರ್ ವಿಲಿಯಂ ಬೆಥಮ್ 1800ಕ್ಕೆ ಹಿಂದಿನ ಸಾವಿರಾರು ಮೃತ್ಯುಪತ್ರಗಳಿಂದ ಯಾರು ಯಾರ ಮಗ, ಯಾರು ಯಾರ ಅಳಿಯ ಎಂಬುದನ್ನು ಮೊದಲೇ ನಕಲು ಮಾಡಿಟ್ಟಿದ್ದ. ಮೂಲ ಸುಟ್ಟಿತು, ಅವನ ನಕಲು ಉಳಿಯಿತು. 1708ರಿಂದ ನಡೆದು ಬಂದಿರುವ ಡಬ್ಲಿನ್ನಿನ ನೋಂದಣಿ ಕಚೇರಿಯ ಭೂಪತ್ರಗಳೂ ಉಳಿದಿವೆ, ಕೆಂಪು ಗೆರೆಗೆ ಅವೇ ಆಧಾರ. ನಮ್ಮಲ್ಲಿ ಖಾಸ್ರಾ ಪಹಣಿ ನೋಡುವಂತೆ ಅಲ್ಲಿ 1847ರಿಂದ 1864ರವರೆಗಿನ ಗ್ರಿಫಿತ್ ಮೌಲ್ಯಮಾಪನ ನೋಡಬೇಕು. ಯಾವ ಹೊಲ, ಯಾರ ಒಡೆತನ, ಯಾರ ಉಳುಮೆ ಎಲ್ಲವೂ ಅದರಲ್ಲಿದೆ. 1864ರಿಂದ ಎಲ್ಲರ ಜನನ, ಮದುವೆ, ಮರಣಗಳ ನೋಂದಣಿ ಆರಂಭವಾಯಿತು. 1901 ಮತ್ತು 1911ರ ಜನಗಣತಿಯ ಹಾಳೆಗಳನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. 1911ರ ನಮೂನೆಯ ಕೆಳಗೆ ಮನೆಯ ಯಜಮಾನನ ಸಹಿಯನ್ನು ಮೊಬೈಲಿನಲ್ಲೇ ಹಿಗ್ಗಿಸಿ ನೋಡಬಹುದು. 2022ರಿಂದ, ಸುಟ್ಟುಹೋದ ಭಂಡಾರದ ಉಳಿದ ನಕಲುಗಳನ್ನೆಲ್ಲ ಒಂದೆಡೆ ಕೂಡಿಸಿದ ಡಿಜಿಟಲ್ ಖಜಾನೆಯೂ ತೆರೆದಿದೆ.

ಮುದ್ರಿತ ಗ್ರಂಥಗಳಲ್ಲಿ 1826ರಲ್ಲಿ ಆರಂಭವಾದ ಬರ್ಕ್ಸ್ ಪೀರೇಜ್ ಕೈಗೆ ಸುಲಭವಾಗಿ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಮನೆತನದವರು ಹೇಳಿದ ದಂತಕಥೆಗಳೂ ಸೇರಿಕೊಂಡಿವೆ, ಆದ್ದರಿಂದ ಅದನ್ನೊಂದೇ ನಂಬಬೇಡಿ. ಅಧಿಕೃತ ಮುದ್ರೆ ಬಿದ್ದ ಕಾಗದವೂ ತಪ್ಪಾಗಿರಬಹುದು. ಹಳೆಯ ಗೇಲಿಕ್ ಕುಲಗಳ ಮುಖ್ಯಸ್ಥರನ್ನು ಐರಿಶ್ ಸರ್ಕಾರದ ವಂಶಾವಳಿ ಕಚೇರಿ ಗುರುತಿಸಿ ಮಾನ್ಯ ಮಾಡುತ್ತಿತ್ತು. ಮ್ಯಾಕಾರ್ಥಿ ಕುಲದ ಮುಖ್ಯಸ್ಥನೆಂದು 1992ರಲ್ಲಿ ಒಬ್ಬರಿಗೆ ಕೊಟ್ಟ ಮಾನ್ಯತೆಯನ್ನು, ವಂಶಾವಳಿ ನಿಲ್ಲುವುದಿಲ್ಲವೆಂದು ತಿಳಿದ ಮೇಲೆ 1999ರಲ್ಲಿ ಹಿಂಪಡೆಯಬೇಕಾಯಿತು. 2003ರಲ್ಲಿ ಆ ಪದ್ಧತಿಯನ್ನೇ ನಿಲ್ಲಿಸಿದರು. ಸಾಬೀತಾಗದ ಸಂಬಂಧವನ್ನು ಅಪ್ಪ ಚುಕ್ಕಿಗಳಲ್ಲಿ ಬರೆಯುತ್ತಿದ್ದರು, ಯಾರು ಎಷ್ಟು ಒತ್ತಾಯ ಮಾಡಿದರೂ ಆ ಚುಕ್ಕಿಗಳನ್ನು ಗೆರೆಯಾಗಿ ಕೂಡಿಸುತ್ತಿರಲಿಲ್ಲ.

ಮೂರನೆಯ ಮಧ್ಯಾಹ್ನ ಹುಡುಗಿ ತಾನೇ ವೆಲ್ಲೆಸ್ಲಿಯ ಹಾಳೆ ಬರೆದಳು. ಮೂಲದಲ್ಲಿ ಆ ಮನೆತನದ ಹೆಸರು ಕೋಲಿ. 1728ರಲ್ಲಿ ರಿಚರ್ಡ್ ಕೋಲಿಗೆ ಮಕ್ಕಳಿಲ್ಲದ ದಾಯಾದಿ ಗ್ಯಾರೆಟ್ ವೆಸ್ಲಿಯಿಂದ ಮೀತ್ ಸೀಮೆಯ ಡಂಗನ್ ಆಸ್ತಿ ಬಂತು, ಅದರ ಜೊತೆ ವೆಸ್ಲಿ ಎಂಬ ಹೆಸರೂ ಬಂತು. 1746ರಲ್ಲಿ ಅವನು ಮಾರ್ನಿಂಗ್ಟನ್ ಬ್ಯಾರನ್ ಆದ, 1760ರಲ್ಲಿ ಅವನ ಮಗ ಅರ್ಲ್ ಆದ. ಮೊಮ್ಮಗನೇ ನಮ್ಮ ಗವರ್ನರ್ ಜನರಲ್, ಎರಡನೆಯ ಮಾರ್ನಿಂಗ್ಟನ್ ಅರ್ಲ್ ರಿಚರ್ಡ್. ವೆಸ್ಲಿಯನ್ನು ವೆಲ್ಲೆಸ್ಲಿ ಎಂದು ಬರೆಯತೊಡಗಿದ್ದು ಈ ತಲೆಮಾರು. ಶ್ರೀರಂಗಪಟ್ಟಣ ಬಿದ್ದ 1799ರ ಕೊನೆಯಲ್ಲಿ ಅವನಿಗೆ ಮಾರ್ಕ್ವಿಸ್ ವೆಲ್ಲೆಸ್ಲಿ ಎಂಬ ಹೊಸ ಬಿರುದು ಕೊಟ್ಟರು. ಅದು ಐರಿಶ್ ಪಟ್ಟಿಯದು ಎಂದು ತಿಳಿದು, ಇದು ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಅವನು ಕಹಿಯಾಗಿ ಬರೆದ.

“ಹಾಗಾದರೆ 1842ರಲ್ಲಿ ಇವನು ಸತ್ತಾಗ ಎರಡೂ ಬಿರುದು ಮುಗಿದವೇನು ಮೇಡಂ? ಮದುವೆಯಾದ ಮೇಲೆ ಮಕ್ಕಳೇ ಆಗಿಲ್ಲ.”

ಮಾರ್ಕ್ವಿಸ್ ಬಿರುದು ಅವನಿಗೇ ಮೊದಲು ಕೊಟ್ಟದ್ದು, ಆದ್ದರಿಂದ ಮುಗಿಯಿತು. ಅರ್ಲ್ ಬಿರುದು ತಂದೆಯ ಕಾಲದ್ದು, ಹಾಗಾಗಿ ತಮ್ಮ ವಿಲಿಯಮ್ಮನಿಗೆ ಹೋಯಿತು. ವಿಲಿಯಂ ಇನ್ನೊಬ್ಬ ದಾಯಾದಿಯ ಆಸ್ತಿಗಾಗಿ ಪೋಲ್ ಎಂಬ ಹೆಸರನ್ನೂ ಸೇರಿಸಿಕೊಂಡಿದ್ದ. ಅವನ ಮಗ, ಮೊಮ್ಮಗ ಎಂದು ಪೆನ್ಸಿಲ್ ಗೆರೆ ಇಳಿಯುತ್ತ ಹೋಯಿತು. 1863ರಲ್ಲಿ ಮೊಮ್ಮಗನೂ ಮಕ್ಕಳಿಲ್ಲದೆ ತೀರಿಕೊಂಡಾಗ, ಅದು ಅಡ್ಡಕ್ಕೆ ತಿರುಗಿ ಇನ್ನೊಬ್ಬ ತಮ್ಮ ಆರ್ಥರನ ಮಗನನ್ನು ಸೇರಬೇಕಾಯಿತು. ಆರ್ಥರ್ ಎಂದರೆ ವೆಲಿಂಗ್ಟನ್ ಡ್ಯೂಕ್. ಅಷ್ಟು ಹೊತ್ತಿಗೆ ಹಾಳೆಯ ಬಲಗಡೆ ಜಾಗ ಮುಗಿದಿತ್ತು. ಹುಡುಗಿ ಎದ್ದು ಹೋಗಿ ಅಡುಗೆಮನೆಯ ಗೋಡೆಯಿಂದ ಹಳೆಯ ಕ್ಯಾಲೆಂಡರ್ ಬಿಚ್ಚಿ ತಂದಳು. ಎರಡು ಹಾಳೆಗಳನ್ನು ಗೋಂದಿನಿಂದ ಅಂಟಿಸಿ, ಅಂಟು ಒಣಗುವವರೆಗೆ ಜೋಡಣೆಯ ಮೇಲೆ ಅಪ್ಪನ ಸೇರನ್ನು ಇಟ್ಟು ಕಾಯ್ದೆವು.