ಮೀಮ್ ಕಾಯಿನ್: ಕೊಳ್ಳುವ ಮೊದಲು ಮಾರುವ ದಾರಿ ಪರೀಕ್ಷಿಸುವುದು ಹೇಗೆ?

ಬಿಲ್ಲಿ ಮಾರ್ಕಸ್ ಮತ್ತು ಜಾಕ್ಸನ್ ಪಾಮರ್ 2013ರ ಡಿಸೆಂಬರ್‌ನಲ್ಲಿ ತಮಾಷೆಗೆಂದು ಹುಟ್ಟುಹಾಕಿದ ಡೋಜ್‌ಕಾಯಿನ್‌ನಿಂದ ಹಿಡಿದು, ಇಂದು ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ಸೃಷ್ಟಿಸಬಹುದಾದ ಟೋಕನ್‌ಗಳವರೆಗೆ, ಅಂತರ್ಜಾಲದ ತಮಾಷೆಗಳ (ಮೀಮ್) ಹೆಸರಲ್ಲಿ ಹುಟ್ಟುವ ಕ್ರಿಪ್ಟೊ ನಾಣ್ಯಗಳಾದ ಮೀಮ್ ಕಾಯಿನ್‌ಗಳ ಹಿಂದೆ ಕಂಪನಿಯ ಲಾಭವಾಗಲಿ ಬಡ್ಡಿಯಾಗಲಿ ಇರುವುದಿಲ್ಲ. ನಿಮ್ಮ ಕೈಗೆ ಬರುವ ಹಣ ನಿಮ್ಮ ನಂತರ ಕೊಳ್ಳುವವರದ್ದು. ಆದ್ದರಿಂದ ಬೆಲೆ ಎಷ್ಟು ಏರಬಹುದು ಎಂದು ಲೆಕ್ಕ ಹಾಕುವ ಮುನ್ನ, ಮಾರಲು ಹೊರಟಾಗ ಮಾರುವುದು ಸಾಧ್ಯವೇ ಎಂಬುದನ್ನು ನೋಡಬೇಕು. ಕೊಳ್ಳದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೂ ಕೊಳ್ಳಲು ನಿರ್ಧರಿಸಿದವರು ಈ ಪರೀಕ್ಷೆಗಳನ್ನು ಬಿಡಬಾರದು.

ಮೊದಲು ನೋಡಬೇಕಾದದ್ದು ಟೋಕನ್‌ನ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಅದನ್ನು ಯಾರು ಹೇಗೆ ಕೊಳ್ಳಬಹುದು, ಮಾರಬಹುದು ಎಂಬುದನ್ನು ನಿಯಂತ್ರಿಸುವ ಪ್ರೋಗ್ರಾಂ. ಕೊರಿಯಾದ ಜನಪ್ರಿಯ ವೆಬ್ ಸರಣಿಯೊಂದರ ಹೆಸರನ್ನು ಅನುಮತಿಯಿಲ್ಲದೆ ಬಳಸಿಕೊಂಡ ‘ಸ್ಕ್ವಿಡ್’ ಟೋಕನ್‌ನ ಬೆಲೆ 2021ರ ನವೆಂಬರ್ 1ರಂದು 2,800 ಡಾಲರ್ ದಾಟಿ, ಕೆಲವೇ ನಿಮಿಷಗಳಲ್ಲಿ ಬಹುತೇಕ ಸೊನ್ನೆಗೆ ಇಳಿಯಿತು. ಅದಕ್ಕೂ ಮೊದಲೇ, ಬೆಲೆ ಏರುತ್ತಿದ್ದಾಗಲೇ, ಕೊಂಡವರಲ್ಲಿ ಅನೇಕರಿಗೆ ಮಾರಲು ಆಗುತ್ತಿರಲಿಲ್ಲ. ಇಂಥ ಬಲೆಯನ್ನು ಗುರುತಿಸಲು ಟೋಕನ್‌ನ ವಿಳಾಸವನ್ನು ವಹಿವಾಟುಗಳ ಸಾರ್ವಜನಿಕ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ಅಥವಾ ಸೋಲ್‌ಸ್ಕ್ಯಾನ್‌ನಂಥ ತಾಣದಲ್ಲಿ ಹಾಕಿ, ಬೇರೆ ಬೇರೆ ವಾಲೆಟ್‌ಗಳಿಂದ (ಟೋಕನ್ ಇಡುವ ಡಿಜಿಟಲ್ ಖಾತೆಗಳಿಂದ) ಮಾರಾಟಗಳು ನಿಜವಾಗಿ ನಡೆದಿವೆಯೇ ಎಂದು ನೋಡಿ. ಬರೀ ಖರೀದಿಗಳೇ ಕಂಡರೆ ಅಲ್ಲಿಗೇ ನಿಲ್ಲಿಸಿ. ಹೊಸ ಟೋಕನ್‌ಗಳನ್ನು ಮುದ್ರಿಸುವ, ವಾಲೆಟ್‌ಗಳನ್ನು ಸ್ಥಗಿತಗೊಳಿಸುವ ಅಧಿಕಾರ ಸೃಷ್ಟಿಕರ್ತರ ಕೈಯಲ್ಲೇ ಉಳಿದಿದ್ದರೂ ದೂರವಿರಿ. ಚಿಕ್ಕ ಮೊತ್ತಕ್ಕೆ ಕೊಂಡು ತಕ್ಷಣ ಮಾರಿ ನೋಡುವುದು ಉಪಯುಕ್ತ, ಆದರೆ ಇಂದು ತೆರೆದಿರುವ ದಾರಿ ನಾಳೆಯೂ ತೆರೆದಿರುತ್ತದೆ ಎಂಬುದಕ್ಕೆ ಅದು ಖಾತರಿಯಲ್ಲ.

ಎರಡನೆಯದು ಲಿಕ್ವಿಡಿಟಿ ಪೂಲ್, ಅಂದರೆ ಟೋಕನ್ ಮಾರಿದವರಿಗೆ ಹಣ ಕೊಡುವ ಒಟ್ಟು ನಿಧಿ. ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಒಟ್ಟು 100 ಕೋಟಿ ಟೋಕನ್‌ಗಳಿವೆ, ಪೂಲ್‌ನಲ್ಲಿ 1 ಕೋಟಿ ಟೋಕನ್ ಮತ್ತು 10 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಬೆಲೆ 10 ಪೈಸೆಯಾದ್ದರಿಂದ ಪರದೆಯ ಮೇಲೆ ಮಾರುಕಟ್ಟೆ ಮೌಲ್ಯ 10 ಕೋಟಿ ರೂಪಾಯಿ ಎಂದು ಕಾಣುತ್ತದೆ. ಎಲ್ಲರೂ ಸೇರಿ ಹಿಂಪಡೆಯಬಹುದಾದದ್ದು ಮಾತ್ರ 10 ಲಕ್ಷವನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಪೂಲ್‌ಗಳು ಟೋಕನ್‌ಗಳ ಸಂಖ್ಯೆ ಮತ್ತು ಹಣದ ಗುಣಲಬ್ಧವನ್ನು ಸ್ಥಿರವಾಗಿಡುತ್ತವೆ. ಹಾಗಾಗಿ ಒಟ್ಟು ಟೋಕನ್‌ಗಳಲ್ಲಿ ಶೇ. 1ರಷ್ಟು, ಎಂದರೆ 1 ಕೋಟಿ ಟೋಕನ್ ಹೊಂದಿರುವ ಒಬ್ಬನೇ ಎಲ್ಲವನ್ನೂ ಮಾರಿದರೆ ಅವನಿಗೆ ಸಿಗುವುದು 5 ಲಕ್ಷ, ಉಳಿದವರಿಗೆ ಉಳಿಯುವ ಬೆಲೆ ಎರಡೂವರೆ ಪೈಸೆ. ಮೌಲ್ಯದ ಅಂಕಿಯನ್ನು ಬದಿಗಿಟ್ಟು ಪೂಲ್‌ನಲ್ಲಿರುವ ಹಣವನ್ನು ಓದಿ. ಆ ಹಣವನ್ನು ಸೃಷ್ಟಿಕರ್ತರು ಹಿಂತೆಗೆಯದಂತೆ ಲಾಕ್ ಮಾಡಲಾಗಿದೆಯೇ, ಎಷ್ಟು ಕಾಲದವರೆಗೆ ಎಂಬುದನ್ನೂ ನೋಡಿ.

ಟೋಕನ್‌ಗಳು ಯಾರ ಬಳಿ ಇವೆ ಎಂಬುದು ಇದಕ್ಕೆ ಅಂಟಿಕೊಂಡ ಪ್ರಶ್ನೆ. 2025ರ ಜನವರಿಯಲ್ಲಿ ಬಂದ ಟ್ರಂಪ್ ಕಾಯಿನ್‌ನಲ್ಲಿ ಶೇ. 80ರಷ್ಟು ಟ್ರಂಪ್ ಅವರೊಂದಿಗೆ ನಂಟಿರುವ ಸಂಸ್ಥೆಗಳ ಪಾಲಾಗಿತ್ತು. ಅದನ್ನು ಬಹಿರಂಗವಾಗಿಯೇ ತಿಳಿಸಲಾಗಿತ್ತು, ಜನ ಆದರೂ ಕೊಂಡರು. ಮರುತಿಂಗಳು ಅರ್ಜೆಂಟೀನಾದ ಅಧ್ಯಕ್ಷ ಹಾವಿಯೆರ್ ಮಿಲೇ ಅವರ ಪ್ರಚಾರದಿಂದ ಮೇಲೇರಿದ ‘ಲಿಬ್ರಾ’ ಟೋಕನ್ ಕೆಲವೇ ಗಂಟೆಗಳಲ್ಲಿ ಕುಸಿಯಿತು, ಅವರು ತಮ್ಮ ಪೋಸ್ಟನ್ನು ಅಳಿಸಿದರು. ದೇಶದ ಅಧ್ಯಕ್ಷರ ಮಾತೇ ಹೀಗಾದರೆ ಟೆಲಿಗ್ರಾಂ ಗುಂಪಿನ ‘ಗುರು’ಗಳ ಮಾತಿನ ಬೆಲೆಯನ್ನು ನೀವೇ ಊಹಿಸಿ.

ಭಾರತದಲ್ಲಿರುವವರಿಗೆ ತೆರಿಗೆಯ ಲೆಕ್ಕವೂ ಕಠಿಣವಾಗಿದೆ. 2022ರಿಂದ ಕ್ರಿಪ್ಟೊ ಲಾಭಕ್ಕೆ ಶೇ. 30ರ ತೆರಿಗೆ ಮತ್ತು ಅದರ ಮೇಲೆ ಸೆಸ್ ಇದೆ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಒಂದರಲ್ಲಿ 40,000 ಗಳಿಸಿ ಮತ್ತೊಂದರಲ್ಲಿ 60,000 ಕಳೆದುಕೊಂಡವರು ಒಟ್ಟಾರೆ ನಷ್ಟದಲ್ಲಿದ್ದರೂ, ಶೇ. 4ರ ಸೆಸ್ ಸೇರಿ 12,480 ರೂಪಾಯಿ ಕಟ್ಟಬೇಕು. ಕ್ರಿಪ್ಟೊ ಕೊಳ್ಳುವ, ಮಾರುವ ವೇದಿಕೆಯಾದ ಎಕ್ಸ್‌ಚೇಂಜ್ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವಾಗಿದೆ ಎಂಬುದರಿಂದ ಸಮಾಧಾನಪಡುವವರಿದ್ದಾರೆ. ಆ ನೋಂದಣಿ ಅಕ್ರಮ ಹಣ ವರ್ಗಾವಣೆ ತಡೆಗೆ ಸಂಬಂಧಿಸಿದ್ದೇ ಹೊರತು ನಿಮ್ಮ ಹೂಡಿಕೆಯ ರಕ್ಷಣೆಗಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕೊಳ್ಳುವುದಾದರೆ, ಪೂರ್ತಿ ಹೋದರೂ ಮನೆಯ ಖರ್ಚಿಗೆ ತಟ್ಟದ ಮೊತ್ತವನ್ನಷ್ಟೇ ಹಾಕಿ; ಸಾಲ ಬೇಡವೇ ಬೇಡ. ಅಪರಿಚಿತ ಟೋಕನ್‌ಗಳಿಗೆ ಪ್ರತ್ಯೇಕ ವಾಲೆಟ್ ಇಟ್ಟುಕೊಳ್ಳಿ, ಅದನ್ನು ತೆರೆಯುವ ರಹಸ್ಯ ಪದಗಳನ್ನು ಯಾರಿಗೂ ಕೊಡಬೇಡಿ.

ವಂಚನೆ ನಡೆದರೆ ವಹಿವಾಟಿನ ಐಡಿ, ವಾಲೆಟ್ ವಿಳಾಸ, ಬ್ಯಾಂಕ್ ದಾಖಲೆ ಮತ್ತು ಚಾಟ್‌ಗಳ ಸ್ಕ್ರೀನ್‌ಶಾಟ್‌ಗಳನ್ನು ಉಳಿಸಿಕೊಂಡು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಆಮೇಲೆ ಕಳೆದ ಹಣವನ್ನು ವಾಪಸು ಕೊಡಿಸುತ್ತೇವೆಂದು ಮುಂಗಡ ಶುಲ್ಕ ಕೇಳಿ ಬರುವವರು ಎರಡನೆಯ ಸುತ್ತಿನ ವಂಚಕರು. ಅವರಿಗೆ ಉತ್ತರಿಸದೆ, ಆ ಸಂಖ್ಯೆಗಳನ್ನೂ ಅದೇ ದೂರಿಗೆ ಸೇರಿಸಿ.