ಮೊಂಟಾನಾದ ಬೇಟೆ ಚೆಕ್ ಸ್ಟೇಷನ್: ಕೈ ಖಾಲಿ ಇದ್ದರೂ ಗಾಡಿ ನಿಲ್ಲಿಸಿ

ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಮೊಂಟಾನಾ ರಾಜ್ಯಕ್ಕೆ ಬೇಟೆಗೆ ಹೋಗಿ, ಮೂರು ದಿನ ಹಿಮದಲ್ಲಿ ಅಲೆದು, ಜಿಂಕೆಯ ಬಾಲವನ್ನೂ ಸರಿಯಾಗಿ ನೋಡದೆ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಕಡೆಗೆ ವಾಪಸ್ ಹೊರಟಿದ್ದೆ. ರಸ್ತೆ ಪಕ್ಕ ಚೆಕ್ ಸ್ಟೇಷನ್, ಅಂದರೆ ಬೇಟೆಗಾರರನ್ನೂ ಹೊಡೆದ ಪ್ರಾಣಿಯನ್ನೂ ತಪಾಸಣೆ ಮಾಡುವ ಜಾಗದ ಬೋರ್ಡ್ ಇತ್ತು, ಎರಡು ಪಿಕಪ್ ನಿಂತಿದ್ದವು. ನನ್ನ ಹತ್ತಿರ ತೋರಿಸೋಕೆ ಏನಿದೆ ಮಣ್ಣು ಅಂದುಕೊಂಡು ನೇರ ಹೋಗಿಬಿಟ್ಟೆ. ಸ್ವಲ್ಪ ದೂರದಲ್ಲೇ ಹಿಂದಿನಿಂದ ಲೈಟ್ ಹೊತ್ತಿತು. ವಾರ್ಡನ್ (ಬೇಟೆ ಕಾನೂನು ನೋಡಿಕೊಳ್ಳುವ ಅಧಿಕಾರಿ) ಬೈಯಲಿಲ್ಲ, ದಂಡವನ್ನೂ ಹಾಕಲಿಲ್ಲ. ವಾಪಸ್ ಹೋಗಿ ಹೆಸರು ಬರೆಸಿ ಬನ್ನಿ ಅಂದರು, ಅಷ್ಟೇ. ಮರ್ಯಾದೆ ಹೋಗೋಕೆ ಅಷ್ಟು ಸಾಕಲ್ವಾ.

ಮೊಂಟಾನಾದಲ್ಲಿ ನಿಯಮ ಸರಳ. ಬೇಟೆಗೆ ಹೋದವರು ದಾರಿಯಲ್ಲಿ ಚೆಕ್ ಸ್ಟೇಷನ್ ಸಿಕ್ಕರೆ ನಿಲ್ಲಿಸಲೇಬೇಕು, ಪ್ರಾಣಿ ಸಿಕ್ಕಿರಲಿ ಬಿಡಲಿ. ಜಿಂಕೆ ಮತ್ತು ಎಲ್ಕ್‌ನ ಮುಖ್ಯ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್‌ನ ನಾಲ್ಕನೇ ಗುರುವಾರದ ಹಬ್ಬ) ಆದ ಮೇಲಿನ ಭಾನುವಾರಕ್ಕೆ ಮುಗಿಯುತ್ತದೆ, ಸುಮಾರು ಐದು ವಾರ. (ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ.) ಬಾನರ್, ಡಾರ್ಬಿ, ಅನಕೊಂಡಾ ಕಡೆಯ ಸ್ಟೇಷನ್‌ಗಳು ಹೆಚ್ಚಾಗಿ ಶನಿವಾರ, ಭಾನುವಾರ ತೆರೆದಿರುತ್ತವೆ.

ಖಾಲಿ ಗಾಡಿಯನ್ನು ಯಾಕೆ ನಿಲ್ಲಿಸುತ್ತಾರೆ? ನೂರು ಜನ ಹೋಗಿ ಎಷ್ಟು ಜನಕ್ಕೆ ಸಿಕ್ಕಿತು ಅನ್ನುವುದೇ ಅವರಿಗೆ ಬೇಕಾದ ಲೆಕ್ಕ. ಸಿಕ್ಕವರನ್ನು ಮಾತ್ರ ಎಣಿಸಿದರೆ ಕಾಡಿನಲ್ಲಿ ಜಿಂಕೆ ತುಂಬಿ ತುಳುಕುತ್ತಿದೆ ಅನ್ನಿಸುತ್ತದೆ. ಇನ್ನೊಂದು ಕಾರಣ ರೋಗ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ, ಜಿಂಕೆ ಜಾತಿಗೆ ಬರುವ, ಮದ್ದಿಲ್ಲದ ಮೆದುಳಿನ ಕಾಯಿಲೆ. ಮೊದಲು ಕಂಡಿದ್ದು 1967ರಲ್ಲಿ ಕೊಲರಾಡೋದಲ್ಲಿ, ಮೊಂಟಾನಾದ ಕಾಡು ಜಿಂಕೆಗಳಲ್ಲಿ ಸಿಕ್ಕಿದ್ದು 2017ರಲ್ಲಿ. ಪರೀಕ್ಷೆಗೆ ಗಂಟಲಿನ ಹತ್ತಿರದ ಗ್ರಂಥಿ ತೆಗೆಯುತ್ತಾರೆ. ಮನುಷ್ಯರಿಗೆ ಬಂದ ಉದಾಹರಣೆ ಸಾಬೀತಾಗಿಲ್ಲ, ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಇಲಾಖೆ ಹೇಳುತ್ತದೆ. ನಾನು ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರ್‌ನಲ್ಲಿ ಬೇರೆಯಾಗಿ ಚೀಟಿ ಅಂಟಿಸಿ ಇಡುತ್ತೇನೆ.

ಸ್ಟೇಷನ್ನಿನಲ್ಲಿ ಎರಡು ಥರದ ಜನ ಇರುತ್ತಾರೆ. ಕೈಗವಸು ಹಾಕಿಕೊಂಡು ಪ್ರಾಣಿಯ ಬಾಯಿ ತೆರೆದು ಹಲ್ಲು ನೋಡುವವರು ಜೀವಶಾಸ್ತ್ರಜ್ಞರು, ಕೆಲವೊಮ್ಮೆ ಕಾಲೇಜು ಹುಡುಗರು. ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ಬ್ಯಾಡ್ಜ್ ಇದ್ದವರು ಗೇಮ್ ವಾರ್ಡನ್. ದಂಡ ಹಾಕುವ, ಬಂಧಿಸುವ ಅಧಿಕಾರ ಅವರಿಗಿದೆ. ಊರಿನ ಫಾರೆಸ್ಟ್ ಚೆಕ್‌ಪೋಸ್ಟ್ ನೆನೆಸಿಕೊಂಡು "ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವ ಧಾಟಿಯಲ್ಲಿ ಶುರು ಮಾಡಲೇಬೇಡಿ.

ನಿಲ್ಲಿಸುವ ರೀತಿ ಹೀಗೆ. ನಿಧಾನಕ್ಕೆ ಬಂದು, ಇಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಕೈ ಸ್ಟೀರಿಂಗ್ ಮೇಲೆ ಇಟ್ಟುಕೊಳ್ಳಿ. ಕೋವಿ ಎಲ್ಲಿದೆ ಅಂತ ಬಾಯಲ್ಲಿ ಹೇಳಿ, ಕೈಗೆ ಎತ್ತಿಕೊಳ್ಳಬೇಡಿ. ತೋಟಾ ತೆಗೆದು ಖಾಲಿ ಮಾಡುವ ಕೆಲಸ ಗಾಡಿ ಹತ್ತುವ ಮೊದಲೇ ಮುಗಿದಿರಬೇಕು. ಮೊಂಟಾನಾ ಈ ವಿಷಯದಲ್ಲಿ ಸ್ವಲ್ಪ ಸಡಿಲ, ಆದರೆ ವಾಷಿಂಗ್ಟನ್ ರಾಜ್ಯದಲ್ಲಿ ಗಾಡಿಯೊಳಗೆ ಲೋಡ್ ಆದ ರೈಫಲ್ ಇಟ್ಟುಕೊಳ್ಳುವುದು ಅಪರಾಧ. ಗಡಿ ದಾಟುವಾಗ ನೆನಪಾಗುತ್ತೆ ಅಂತ ನಂಬಿಕೊಳ್ಳಬೇಡಿ.

ಕಾಗದಗಳು: ಲೈಸೆನ್ಸ್, ಫೋಟೋ ಇರುವ ಗುರುತಿನ ಚೀಟಿ, ಟ್ಯಾಗ್ (ಒಂದು ಪ್ರಾಣಿಗೆ ಒಂದರಂತೆ ಕೊಡುವ ಚೀಟಿ). 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆ ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಪಡೆಯುವ ಹಾಗಿಲ್ಲ. ಬೋಜ್‌ಮನ್ ಕಡೆ ಕೆಲಸ ಸಿಕ್ಕಿ ಹೊಸದಾಗಿ ಬಂದವರು ಇನ್ನೊಂದು ಗಮನಿಸಿ: ಸತತ 180 ದಿನ ವಾಸ ಆಗದೆ ಸ್ಥಳೀಯರ ಅಗ್ಗದ ಲೈಸೆನ್ಸ್ ತೆಗೆದುಕೊಳ್ಳುವುದು ಅಪರಾಧ. ಒಂದು ವಾರ ಕಮ್ಮಿ ಇದ್ದರೂ ಕಮ್ಮಿಯೇ.

ಎಚ್1ಬಿ ವೀಸಾದಲ್ಲಿ ಇರುವವರು ಇಲ್ಲಿ ನಿಂತು ಓದಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗೇ ಇಲ್ಲ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್. ಬೇರೆಯವರಿಗೆ ಲೈಸೆನ್ಸ್ ಮುಗಿದಿದ್ದರೆ ಅದು ಬೇಟೆಯ ತಪ್ಪು ಮಾತ್ರ, ನಮಗೆ ಅದೇ ಕೋವಿಯ ಕೇಸೂ ಆಗಬಹುದು. ಅದಕ್ಕೇ ನಾನು ಮುದ್ರಿತ ಪ್ರತಿ ಒಂದು, ಫೋನಿನಲ್ಲಿ ಒಂದು ಇಟ್ಟುಕೊಂಡೇ ಮನೆ ಬಿಡುತ್ತೇನೆ.

ಈಗ ಟ್ಯಾಗ್. ಸ್ಟೇಷನ್ನಿನಲ್ಲಿ ಸಿಕ್ಕಿಬೀಳುವವರ ತಪ್ಪು ಸ್ಟೇಷನ್ನಿನಲ್ಲಿ ಆಗಿರುವುದಿಲ್ಲ, ಆರು ಗಂಟೆ ಮೊದಲು ಬೆಟ್ಟದ ಮೇಲೆ ಆಗಿರುತ್ತದೆ. ಪ್ರಾಣಿ ಬಿದ್ದ ಕೂಡಲೇ, ಚಾಕು ಹಿರಿಯುವ ಮೊದಲು, ಫೋಟೋ ಹೊಡೆಯುವ ಮೊದಲು, ಟ್ಯಾಗಿನಲ್ಲಿ ತಾರೀಖು ಗುರುತು ಮಾಡಿ. ಕೆಳಗೆ ಬಂದು ಮಾಡಿದರಾಯ್ತು ಅಂದವರ ಟ್ಯಾಗ್ ಖಾಲಿ ಇರುವುದನ್ನು ನೋಡಿದರೆ ವಾರ್ಡನ್‌ಗೆ ಒಂದೇ ಅರ್ಥ ಹೊಳೆಯುವುದು, ಇದೇ ಟ್ಯಾಗಿನಲ್ಲಿ ಇನ್ನೊಂದು ಹೊಡೆಯುವ ಯೋಚನೆ ಇದೆ ಅಂತ. ಫೋನಿನ ಆ್ಯಪ್‌ನಲ್ಲೂ ಈಗ ಟ್ಯಾಗ್ ಮಾಡಬಹುದು, ಆದರೆ ಆ ಚಳಿಗೆ ಬ್ಯಾಟರಿ ಕಣ್ಣ ಮುಂದೇ ಸಾಯುತ್ತದೆ, ಫೋನನ್ನು ಒಳಗಿನ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ನಿಮ್ಮ ಈಡಿಗೆ ಬಿದ್ದದ್ದಕ್ಕೆ ಗೆಳೆಯನ ಟ್ಯಾಗ್ ಹಾಕುವ ಹಾಗಿಲ್ಲ. ಮಿನ್ನೆಸೋಟಾದಲ್ಲಿ ಗುಂಪಾಗಿ ಜಿಂಕೆ ಬೇಟೆಯಾಡುವಾಗ ಇದಕ್ಕೆ ಅವಕಾಶ ಇದೆ, ಅಲ್ಲಿ ಅಭ್ಯಾಸ ಆದವರು ಇಲ್ಲಿ ಬಂದು ಎಡವುವುದು ಇದರಲ್ಲೇ.

ಎರಡನೆಯದು, ಪ್ರಾಣಿ ಗಂಡೋ ಹೆಣ್ಣೋ ಅನ್ನುವ ಗುರುತು ಸಹಜವಾಗಿ ಅಂಟಿಕೊಂಡೇ ಇರಬೇಕು. ನನ್ನ ಜೊತೆ ಬರುವ ಕೊಡಗಿನ ಗೆಳೆಯ ಮಾಂಸ ಹಸನು ಮಾಡುವುದರಲ್ಲಿ ಎತ್ತಿದ ಕೈ. ಅವನ ಮೊದಲ ಜಿಂಕೆಯನ್ನು ಅರ್ಧ ಗಂಟೆಯಲ್ಲಿ ಅಡುಗೆಮನೆಗೆ ಸಿದ್ಧವಾಗುವ ಹಾಗೆ ಬಿಡಿಸಲು ಕೂತಿದ್ದ. ನಾನು ತಡೆಯದಿದ್ದರೆ ಚೆಂದದ ಮಾಂಸದ ಜೊತೆ ಚೆಂದದ ದಂಡವೂ ಸಿಗುತ್ತಿತ್ತು. "ಇಷ್ಟು ಗಲೀಜಾಗಿ ಒಯ್ಯೋದಾ ಮಾರಾಯ" ಅಂತ ದಾರಿಯುದ್ದಕ್ಕೂ ಗೊಣಗಿದ.

ಪ್ರಶ್ನೆಗಳು ಹೆಚ್ಚು ಇರುವುದಿಲ್ಲ. ಎಲ್ಲಿ ಹೊಡೆದಿರಿ, ಎಷ್ಟು ಹೊತ್ತಿಗೆ, ಯಾರ ಜಮೀನು. ಬೇಟೆಯ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ. ಖಾಸಗಿ ಜಮೀನಿಗೆ ಬೋರ್ಡ್ ಇಲ್ಲದಿದ್ದರೂ ಮಾಲೀಕರ ಒಪ್ಪಿಗೆ ಬೇಕು, ಆ ಮೆಸೇಜ್ ಅಥವಾ ಚೀಟಿ ಕೈಗೆ ಸಿಗುವ ಹಾಗೆ ಇಡಿ. ಕೇಳಿದ್ದಕ್ಕೆ ಉತ್ತರ ಕೊಡಿ, ಸುಮ್ನೆ ಕಥೆ ಕಟ್ಟಬೇಡಿ. ಜಾಗ ನೆನಪಿಲ್ಲದಿದ್ದರೆ ಮ್ಯಾಪ್ ತೆಗೆದು ತೋರಿಸಿ. ನಿಮ್ಮ ಗುಟ್ಟಿನ ಜಾಗ ಅವರಿಗೆ ಆಗಲೇ ಗೊತ್ತಿರುತ್ತದೆ ಬಿಡಿ.

ನಮ್ಮ ಹಕ್ಕು ಎಲ್ಲಿಯವರೆಗೆ? ಲೈಸೆನ್ಸ್, ಹೊಡೆದ ಪ್ರಾಣಿ ತೋರಿಸುವುದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಅದರಾಚೆಗೆ ಬ್ಯಾಗು, ಫೋನು ನೋಡಲೇ ಅಂತ ಅನುಮತಿ ಕೇಳಿದರೆ "ಕ್ಷಮಿಸಿ, ನನಗೆ ಒಪ್ಪಿಗೆ ಇಲ್ಲ" ಅನ್ನಬಹುದು, ಅದಕ್ಕೇ ಯಾರೂ ಹಿಡಿದು ಹಾಕುವುದಿಲ್ಲ. ಆದರೆ ತಪ್ಪು ನಡೆದಿದೆ ಅನ್ನಲು ತಕ್ಕ ಕಾರಣ ಇದ್ದರೆ ಗಾಡಿಯನ್ನು ವಾರಂಟ್ ಇಲ್ಲದೆಯೂ ಹುಡುಕಬಹುದು, 1925ರಿಂದ ಸುಪ್ರೀಂ ಕೋರ್ಟ್ ಹೇಳುತ್ತಿರುವುದು ಇದೇ. ಆಗ ಅಡ್ಡ ನಿಲ್ಲಬೇಡಿ. ಒಪ್ಪಿಗೆ ಇಲ್ಲ ಅಂತ ಒಂದು ಸಲ ಹೇಳಿ ಪಕ್ಕಕ್ಕೆ ಸರಿಯಿರಿ. ಜಗಳ ಏನಿದ್ದರೂ ವಕೀಲರ ಮೂಲಕ.

ನಿಜಕ್ಕೂ ತಪ್ಪಾಗಿದ್ದರೆ, ಅಂದರೆ ಕೊಂಬಿಲ್ಲದ ಪ್ರಾಣಿಯ ಟ್ಯಾಗ್ ಇದ್ದು, ಹೆಣ್ಣೆಂದು ಹೊಡೆದದ್ದು ಕೊಂಬಿನ ಗಂಡಾಗಿದ್ದರೆ, ಬಿಟ್ಟು ಬರಬೇಡಿ. ಮಾಂಸ ಕೊಳೆಯಲು ಬಿಡುವುದು ಇನ್ನೊಂದು ಅಪರಾಧ. ಸ್ಟೇಷನ್ ತಲುಪುವ ಮೊದಲೇ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ. ದಂಡ ತಪ್ಪುತ್ತೆ ಅಂತಲ್ಲ, ಆದರೆ ತಾನಾಗಿ ಹೇಳಿದವನನ್ನೂ ಟಾರ್ಪಾಲ್ ಕೆಳಗೆ ಮುಚ್ಚಿಟ್ಟವನನ್ನೂ ಒಂದೇ ರೀತಿ ನೋಡುವುದಿಲ್ಲ. ಒಂದು ರಾಜ್ಯದಲ್ಲಿ ಲೈಸೆನ್ಸ್ ರದ್ದಾದರೆ ಹೆಚ್ಚುಕಮ್ಮಿ ದೇಶದ ಎಲ್ಲ ರಾಜ್ಯಗಳಲ್ಲೂ ಕಷ್ಟ, ಅವುಗಳ ನಡುವೆ ಒಪ್ಪಂದ ಇದೆ. ವೀಸಾದಲ್ಲಿ ಇರುವವರು ದಂಡ ಕಟ್ಟಿ ಕೈ ತೊಳೆದುಕೊಳ್ಳುವ ಮೊದಲು ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ.

ಹೊರಡುವ ಮೊದಲು ತಲೆ ಮತ್ತು ಬೆನ್ನುಮೂಳೆ ಏನು ಮಾಡಬೇಕು ಅಂತ ಅಲ್ಲಿಯವರನ್ನೇ ಕೇಳಿ. ರೋಗದ ಭಯಕ್ಕೆ ವಾಷಿಂಗ್ಟನ್ ಸೇರಿ ಹಲವು ರಾಜ್ಯಗಳು ಅವನ್ನು ಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಮೂಳೆ ಬಿಡಿಸಿದ ಮಾಂಸಕ್ಕೆ ತೊಂದರೆ ಇಲ್ಲ. ಮುಂದೆ ಐ-90 ಹೆದ್ದಾರಿಯಲ್ಲಿ ನಡುವಿನ ಇಡಾಹೋ ರಾಜ್ಯ ದಾಟುವಾಗ ಅಲ್ಲೂ ಚೆಕ್ ಸ್ಟೇಷನ್ ಬೋರ್ಡ್ ಕಂಡರೆ ಇಂಡಿಕೇಟರ್ ಹಾಕಿ. "ಈಗಷ್ಟೇ ಮೊಂಟಾನಾದಲ್ಲಿ ತೋರಿಸಿ ಬಂದೆ" ಅನ್ನುವುದನ್ನು ಗಾಡಿ ನಿಲ್ಲಿಸಿಯೇ ಹೇಳಬೇಕು.